ಬಿಟ್ಟಿದ್ದೀನಿ ಸಾರ್

ಜಾವಗಲ್, ಅರಸೀಕೆರೆ ತಾಲ್ಲೂಕು
ಗುರುವಾರ, ೬ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ಲಕ್ಷ್ಮೀಶನಿಗೆ,

ಹೇಗಿದ್ದೀಯಪ್ಪ? ಸೊಂಟದ ನೋವು ಕಡಿಮೆಯಾಯಿತಾ? ಲಾರಿಗಳ ಅಡಿಯಲ್ಲಿ ಅಂಗಾತ ಮಲಗಿ ಮಲಗಿ ಬಂದ ನೋವು ಅದು, ಉದಾಸೀನ ಮಾಡಬೇಡ. ಮಂಗಳೂರಿನ ಸೆಕೆಯಲ್ಲಿ ನಿನಗೆ ಊಟವೇ ಸೇರುವುದಿಲ್ಲ ಎಂದು ನಿನ್ನ ಅತ್ತಿಗೆಗೆ ಯಾವಾಗಲೂ ಚಿಂತೆ. ಇಲ್ಲಿ ಅವಳು ಗಟ್ಟಿಯಾಗಿದ್ದಾಳೆ. ಆಶಾರಾಣಿಗೆ ಬೇಲೂರಿನ ಶಾಲೆಯಲ್ಲಿ ಕೆಲಸ ಕಾಯಂ ಆಯಿತು. ನಾನು ಇಪ್ಪತ್ತಾರು ವರ್ಷ ಓಡಿಸಿದ ರೂಟಿನ ಬಸ್ಸಿನಲ್ಲೇ ನನ್ನ ಮಗಳು ದಿನಾ ಹೋಗಿ ಬರುತ್ತಾಳೆ. ಹಳೇಬೀಡಿನ ತಿರುವಿನಲ್ಲಿ ಹೊಸ ಡ್ರೈವರು ಜೋರಾಗಿ ಬ್ರೇಕ್ ಹಾಕುತ್ತಾನೆ ಎಂದು ಬಂದು ದೂರುತ್ತಾಳೆ, ನಾನೇ ಅವನಿಗೆ ಮೇಲಧಿಕಾರಿ ಎನ್ನುವ ಹಾಗೆ.

ನೀನು ಫೋನ್ ಎತ್ತುತ್ತಿಲ್ಲ. ಎತ್ತಿದರೂ ನನ್ನ ಮಾತು ನಿನಗೆ ಕೇಳಿಸುವುದಿಲ್ಲ. ಬಾಯಿಗೆ ಕಿವಿಯಿಟ್ಟರೆ ಮಾತ್ರ ಗೊತ್ತಾಗುವಷ್ಟು ದನಿ ಉಳಿದಿದೆ. ಹಾಗಾಗಿ ಈ ಕಾಗದ. ಅರ್ಧಕ್ಕೇ ಹರಿದು ಹಾಕಬೇಡ. ಇದು ನಿನ್ನನ್ನು ಬೈಯಲು ಬರೆದದ್ದಲ್ಲ.

ಹೋದ ವರ್ಷದ ಹಿಂದಿನ ಶ್ರಾವಣ ನೆನಪಿದೆಯಾ? ಗಂಟಲಿನಲ್ಲಿ ಗಡ್ಡೆ ಇದೆ, ಕ್ಯಾನ್ಸರೇ ಎಂದು ಬೆಂಗಳೂರಿನ ಡಾಕ್ಟರು ಹೇಳಿ ಎರಡು ವಾರ ಆಗಿತ್ತು. ಕರೆಂಟು, ಅಂದರೆ ರೇಡಿಯೇಷನ್, ಕೊಡುವುದಕ್ಕೆ ಮೊದಲು ಬೀಡಿ ಪೂರ್ತಿ ಬಿಡಬೇಕು ಎಂದಿದ್ದರು. ನೀನು ನೋಡಲು ಬಂದವನು, ಹಿತ್ತಲಿನ ಬಚ್ಚಲುಮನೆಯಲ್ಲಿ ಕದ್ದು ಬೀಡಿ ಎಳೆಯುತ್ತಿದ್ದ ನನ್ನನ್ನು ಕಂಡೆ. ಬೈಯಲಿಲ್ಲ. ನೀನು ಅತ್ತುಬಿಟ್ಟೆ. ಮುಂದಿನ ವಾರವೇ ಆ ನೀಲಿ ಕೊಳವೆ ತಂದೆ, ಪೆನ್ನಿನ ಗಾತ್ರದ್ದು. ಈ ಇ-ಸಿಗರೇಟು ನಮ್ಮಲ್ಲಿ ಮಾರುವ ಹಾಗಿಲ್ಲ, ಯಾರಿಂದಲೋ ಕದ್ದುಮುಚ್ಚಿ ತರಿಸಿದೆ ಎಂದೆ. "ಅಣ್ಣಾ, ಇದ್ರಲ್ಲಿ ಬೆಂಕಿ ಇಲ್ಲ ಕಣೋ, ಬರೀ ಆವಿ. ಬೀಡಿ ಬಿಡೋಗಂಟ ಇದ್ನ ಇಟ್ಕೋ, ಆಮೇಲೆ ಇದ್ನೂ ಬಿಡು" ಎಂದು ನನ್ನ ಕೈ ಹಿಡಿದು ಹೇಳಿದೆ. ನಿನ್ನ ಮಾತು ಅಷ್ಟೇ ಇತ್ತು. ಅದನ್ನು ನಾನು ಇವತ್ತು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ.

ಒಂಬತ್ತು ದಿನ ನಿಜವಾಗಿಯೂ ಬೀಡಿ ಮುಟ್ಟಲಿಲ್ಲ. ಒಂಬತ್ತೇ ದಿನ. ಶ್ರಾವಣದಲ್ಲಿ ಮನೆಯೊಳಗೆ ಮಾವಿನಹಣ್ಣಿನ ವಾಸನೆ ಎಲ್ಲಿಂದ ಬಂತು ಎಂದು ನಿನ್ನ ಅತ್ತಿಗೆ ಶಿವಗಂಗ ಕೇಳಿದಳು. ಗಂಟಲಿಗೆ ಆವಿ ಎಳೆಯುವ ಔಷಧಿ, ತಮ್ಮ ತಂದುಕೊಟ್ಟ ಎಂದೆ. ನಂಬಿದಳು. ಹತ್ತನೇ ದಿನ ಡಿಪೋಗೆ ರಜೆಚೀಟಿ ಕೊಡಲು ಅರಸೀಕೆರೆಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಹಳೇ ಕಂಡಕ್ಟರು ಸಣ್ಣಯ್ಯ ಬೀಡಿ ಹಚ್ಚಿದ. ಅವನು ಕೊಡಲಿಲ್ಲ ಕಣೋ, ನಾನೇ ಕೈ ಚಾಚಿದೆ. ಅವತ್ತಿನಿಂದ ಹೊರಗೆ ಬೀಡಿ, ಒಳಗೆ ಕೊಳವೆ; ಅದು ಖಾಲಿಯಾದಾಗಲೆಲ್ಲ ನಾನೇ ಕದ್ದುಮುಚ್ಚಿ ಅಂಥದ್ದೇ ತರಿಸಿಕೊಂಡೆ. ಮೊದಲು ಕೆಮ್ಮುವುದಕ್ಕಾದರೂ ಬಿಡುವಿತ್ತು. ಆಮೇಲೆ ಎದ್ದಾಗಿನಿಂದ ಮಲಗುವವರೆಗೆ ಬಾಯಲ್ಲಿ ಎರಡರಲ್ಲಿ ಒಂದು ಇದ್ದೇ ಇತ್ತು. ಕರೆಂಟು ಕೊಟ್ಟ ಮೂವತ್ಮೂರು ದಿನವೂ, ಆಸ್ಪತ್ರೆಯ ಕಕ್ಕಸಿನಲ್ಲಿ ಕೂಡ. ಗಂಟಲು ಸುಟ್ಟು ಗಂಜಿ ಇಳಿಯುತ್ತಿರಲಿಲ್ಲ, ಹೊಗೆ ಮಾತ್ರ ಇಳಿಯುತ್ತಿತ್ತು.

ಪ್ರತಿ ಸಲವೂ ಡಾಕ್ಟರು ಕೇಳುತ್ತಿದ್ದರು, ಬೀಡಿ ಸಿಗರೇಟು ಬಿಟ್ಟಿದ್ದೀರಾ ಎಂದು. ಬಿಟ್ಟಿದ್ದೀನಿ ಸಾರ್ ಎನ್ನುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ನಿನ್ನ ಅತ್ತಿಗೆ ನನಗಿಂತ ಮೊದಲೇ "ಬಿಟ್ಟವ್ರೆ ಸಾರ್, ನಾನೇ ಕಣ್ಣಾರ ನೋಡ್ತಾ ಇವ್ನಿ" ಎನ್ನುವಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ಎಂಥ ಹೆಮ್ಮೆ ಇರುತ್ತಿತ್ತು ಎಂಬುದು ನಿನಗೆ ಗೊತ್ತಿಲ್ಲ. ಅದನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ.

ಹೋದ ದೀಪಾವಳಿ ಕಳೆದ ಮೇಲೆ ಗಡ್ಡೆ ಮತ್ತೆ ಬಂದಿದೆ ಎಂದರು. ಅವತ್ತು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರೊಬ್ಬರು ನೋಡಿದರು. ಶಿವಗಂಗ ಸೆರಗಿನ ಗಂಟು ಬಿಚ್ಚಿ ಆ ಕೊಳವೆಯನ್ನು ಮೇಜಿನ ಮೇಲಿಟ್ಟು, "ಈ ಔಷ್ದಿ ಮುಗೀತಾ ಬಂದೈತೆ ಮೇಡಂ, ಇನ್ನೊಂದು ಬರ್ಕೊಡಿ" ಎಂದಳು. ಆಕೆ ಅದನ್ನು ಎತ್ತಿ ತಿರುಗಿಸಿ ನೋಡಿದರು. ಇದು ಔಷಧಿ ಅಲ್ಲಮ್ಮ, ಇದರಲ್ಲೂ ನಿಕೋಟಿನ್ನೇ ಇರೋದು ಎಂದರು. ಕ್ಯಾನ್ಸರ್ ಇರುವವರಿಗೆ ಇದು ಏನು ಮಾಡುತ್ತದೆ ಎಂದು ಪೂರ್ತಿ ತಿಳಿದವರು ಇನ್ನೂ ಇಲ್ಲ, ಬಿಡುವುದು ಕಷ್ಟ ಎಂದು ಮೊದಲೇ ಹೇಳಿದ್ದರೆ ಚರ್ಮಕ್ಕೆ ಅಂಟಿಸುವ ಪಟ್ಟಿ ಕೊಡುತ್ತಿದ್ದೆವು, ಕೂತು ಮಾತಾಡುವ ಜನ ನಮ್ಮಲ್ಲೇ ಇದ್ದರು ಎಂದೂ ಹೇಳಿದರು. ನಿನ್ನ ಅತ್ತಿಗೆಯ ಕಿವಿಗೆ ಬಿದ್ದದ್ದು ಮೊದಲನೆಯ ಮಾತು ಮಾತ್ರ. ಹೊರಗೆ ಬಂದವಳೇ ನಿನಗೆ ಫೋನ್ ಮಾಡಿ, "ನಿಮ್ಮಣ್ಣನ ಗಂಟ್ಲು ತಿಂದೋನು ನೀನೇ, ಇನ್ನ ಈ ಮನೆ ಹೊಸ್ಲು ತುಳೀಬ್ಯಾಡ" ಎಂದಳು. ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಬೀಡಿಯೂ ಸೇದುತ್ತಿದ್ದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಜೇಬಿನಲ್ಲಿ ಆಗಲೂ ಅರ್ಧ ಕಟ್ಟು ಬೀಡಿ ಇತ್ತು.

ಅವ್ವ ಸತ್ತಾಗ ನಿನಗೆ ಏಳು ವರ್ಷ. ನನ್ನ ಮದುವೆಯಾಗಿ ತಿಂಗಳಾಗಿರಲಿಲ್ಲ. ನಿನ್ನನ್ನು ಮಡಿಲಿಗೆ ಹಾಕಿಕೊಂಡು ಬೆಳೆಸಿದವಳ ಬಾಯಿಂದಲೇ ನಿನಗೆ ಆ ಮಾತು ಆಡಿಸಿದೆ. ಸಂಕ್ರಾಂತಿಗೆ ನೀನು ಬರಲಿಲ್ಲ. ಅವಳು ನಿನ್ನ ಪಾಲಿನ ಎಳ್ಳು ಬೆಲ್ಲ ತೆಗೆದಿಟ್ಟಳು, ಆಮೇಲೆ ಯಾರಿಗೂ ಹೇಳದೆ ಪಕ್ಕದ ಮನೆಗೆ ಕೊಟ್ಟಳು.

ಹೋದ ಭಾನುವಾರ ಅವಳಿಗೆ ಎಲ್ಲ ಹೇಳಿದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕಿವಿ ಹತ್ತಿರ ಬಗ್ಗಿ ಒಂದೊಂದೇ ಮಾತು ಹೇಳಿದೆ. ಕಿರುಚುತ್ತಾಳೆ ಅಂದುಕೊಂಡಿದ್ದೆ. ಮೊರದಲ್ಲಿದ್ದ ಕಾಯಿ ಪೂರ್ತಿ ಸುಲಿದು ಮುಗಿಸಿದಳು. ಎದ್ದು ಹೋಗುವಾಗ, "ಆ ಮಗೀನ್ ಮ್ಯಾಲೆ ಹಾಕ್ದಲ್ಲಾ" ಎಂದಳು, ಅಷ್ಟೇ. ಯಾವತ್ತೂ ನನ್ನನ್ನು ಏಕವಚನದಲ್ಲಿ ಮಾತಾಡಿಸಿದವಳಲ್ಲ. ಅವತ್ತಿನಿಂದ ಗಂಜಿ ತಂದಿಡುತ್ತಾಳೆ, ಕೊರಳಿನ ಹುಣ್ಣಿನ ಬಟ್ಟೆ ಬದಲಾಯಿಸುತ್ತಾಳೆ, ಮುಖ ನೋಡುವುದಿಲ್ಲ. ನಿನ್ನ ನಂಬರಿಗೆ ದಿನಾ ಫೋನ್ ಮಾಡುತ್ತಾಳೆ.

ಬೀಡಿ, ಕೊಳವೆ ಎರಡನ್ನೂ ಬಿಟ್ಟು ಇವತ್ತಿಗೆ ನಾಲ್ಕು ದಿನ. ತೋಳಿಗೆ ಪಟ್ಟಿ ಅಂಟಿಸಿಕೊಂಡಿದ್ದೇನೆ. ನನ್ನ ಲೆಕ್ಕವನ್ನು ನೀನು ನಂಬಬೇಕಾಗಿಲ್ಲ. ಈ ಸಾಲು ಬರೆಯುವಾಗಲೂ ಬೇಕು ಅನ್ನಿಸುತ್ತಿದೆ.

ನಿನ್ನ ತಪ್ಪು ಏನೂ ಇಲ್ಲ ತಮ್ಮಾ. ಅಣ್ಣ ಬದುಕಲಿ ಎಂದು ನೀನು ತಂದುಕೊಟ್ಟೆ, ನಾನು ಅದನ್ನು ನನ್ನ ಸುಳ್ಳಿಗೆ ಮರೆ ಮಾಡಿಕೊಂಡೆ. ಆಶಾರಾಣಿ ಚಿಕ್ಕಪ್ಪನಿಗೆ ನಮಸ್ಕಾರ ತಿಳಿಸಿದ್ದಾಳೆ. ನೀನು ನೂರು ಕಾಲ ಗಟ್ಟಿಯಾಗಿ ಬಾಳು, ನನ್ನ ದಾರಿ ಹಿಡಿಯಬೇಡ.

ನಿನ್ನ ಅಣ್ಣ,
ಮರಿಯಣ್ಣ

ಮರೆತಿದ್ದೆ, ಮರೆತೆ ಅನ್ನುವುದೂ ಸುಳ್ಳೇ, ಬರೆಯಲು ಕೈ ಬರಲಿಲ್ಲ: ಬರುವ ಬುಧವಾರವಲ್ಲ, ಅದರಾಚೆಯ ಬುಧವಾರ, ಹತ್ತೊಂಬತ್ತಕ್ಕೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಮೂರು ತಿಂಗಳು ಒಲ್ಲೆ ಎಂದು ಕಾಲ ತಳ್ಳಿದೆ, ಇನ್ನು ತಳ್ಳುವ ಹಾಗಿಲ್ಲವಂತೆ. ಅದರ ಹಿಂದಿನ ದಿನ, ಮಂಗಳವಾರ ಬೆಳಿಗ್ಗೆ ಇಲ್ಲಿಂದ ಹೊರಡುತ್ತೇವೆ. ಸೋಮವಾರದೊಳಗೆ ಬಾ. ನಿನ್ನ ಅತ್ತಿಗೆಯ ಎದುರಿಗೆ, ನಿನ್ನ ಮುಖ ನೋಡಿಕೊಂಡು, ಇದನ್ನೆಲ್ಲ ನಾನು ಬಾಯಲ್ಲೇ ಹೇಳಬೇಕು.