ಮೂರನೇ ಸಾಲಿನ ಸುಖ

ಮನೆಯಿಂದ,
ಗುರುವಾರ ಸಂಜೆ

ಪ್ರೀತಿಯ ಅಮ್ಮಾ,

ಸೊಂಟ ಹೇಗಿದೆ? ಆಪರೇಷನ್ ಆದ ಜಾಗದ ಉರಿ ತಗ್ಗಿತೇ? ಅಕ್ಕನ ಮನೆಯ ಮಂಚ ಎತ್ತರ. ಇಳಿಯುವಾಗ ಜಂಬ ಮಾಡದೆ ಯಾರನ್ನಾದರೂ ಕೂಗು. "ನಾನೇನು ಮುದುಕಿಯಾ?" ಎಂದು ಅವಳ ಮೇಲೆ ರೇಗಿದೆಯಂತೆ. ಮುದುಕಿಯಲ್ಲ ಮಹಾರಾಯ್ತಿ, ಆದರೆ ಸೊಂಟ ಮಾತ್ರ ನಿನಗಿಂತ ಮೊದಲೇ ಮುದಿಯಾಗಿದೆ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು ಅಳುತ್ತೀಯ, ಇಲ್ಲವೇ ಬೈಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪಾಳಿ ಕಾರಿನ ಡ್ರೈವರಣ್ಣ ನಾಳೆ ನಿಮ್ಮ ಕಡೆ ಬರುತ್ತಾನೆ, ಅವನ ಕೈಗೇ ಕೊಡುತ್ತೇನೆ.

ಫ್ಯಾಕ್ಟರಿಯ ವಿಷಯ ಕೇಳು. ಕಂಪನಿಯವರು ಕೊಡುತ್ತೇವೆ ಎಂದದ್ದು ಇಷ್ಟು: ಹೊಲಿಗೆ ವಿಭಾಗದ ಪ್ರತಿ ಹೆಂಗಸಿಗೂ ಬೆನ್ನೊರಗು ಇರುವ ಕುರ್ಚಿ, ಪಾಳಿಯ ನಡುವೆ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಹತ್ತು ನಿಮಿಷ, ನಮ್ಮನ್ನು ಕರೆತರುವ ಪಾಳಿ ಕಾರಿನ ಹಿಂದಿನ ಸೀಟಿನಲ್ಲಿ ಮೂವರೇ. ಕೊಟ್ಟದ್ದು: ಅದೇ ಹಳೆಯ ಸ್ಟೂಲಿಗೆ ಹೊಸ ಬಣ್ಣ. ಹತ್ತು ನಿಮಿಷ ಸಿಗಲಿಲ್ಲ. ಕಾರಿನಲ್ಲಿ ಹಿಂದೆ ಈಗಲೂ ನಾಲ್ವರು, ಒಬ್ಬಳು ಉಸಿರು ಬಿಟ್ಟ ಮೇಲೆ ಇನ್ನೊಬ್ಬಳು ಎಳೆದುಕೊಳ್ಳಬೇಕು. ದಿನವಿಡೀ ಕಾರಿನ ಸೀಟು ಹೊಲಿಯುವವರಿಗೆ ಸೀಟಿಲ್ಲ ಎಂದು ಕಾಂಪೌಂಡ್ ಗೋಡೆಯ ಮೇಲೆ ಬರೆದೆವು. ಅದರ ಮೇಲೂ ಬಣ್ಣ ಬಳಿದರು. ಬಣ್ಣಕ್ಕೆ ಮಾತ್ರ ಅವರಲ್ಲಿ ಬರಗಾಲವಿಲ್ಲ.

ಈಗ ನಡೆದದ್ದು ಹೇಳುತ್ತೇನೆ. ನೀನು ಕೆಲಸ ಬಿಟ್ಟ ಮೇಲೆ ಇಲ್ಲೊಂದು ಪರೀಕ್ಷೆಯ ಕೋಣೆ ಮಾಡಿದ್ದಾರೆ. ಅದರೊಳಗೆ ಎರಡು ಕಾರುಗಳ ಬರೀ ಚಿಪ್ಪು: ಒಂದು ಸಣ್ಣ ಸೆಡಾನ್, ಇನ್ನೊಂದು ದೊಡ್ಡ ಎಸ್‌ಯುವಿ. ಎಂಜಿನ್ ಇಲ್ಲ, ಚಕ್ರವಿಲ್ಲ, ಒಳಗೆ ನಾವು ಹೊಲಿದ ಸೀಟುಗಳು ಮಾತ್ರ. ಮಾಮೂಲಿಯಾಗಿ ಹೊರಗಿನಿಂದ ಜನ ಕರೆಸಿ ಕೂರಿಸುತ್ತಾರೆ. ಈ ಸಲ ಪಾಳಿ ಮುಗಿಸಿ ಹೊರಟಿದ್ದ ನಮ್ಮನ್ನೇ ಕರೆದರು. ಅಳತೆ ತೆಗೆಯುವ ಹುಡುಗ ಆಫೀಸರು, ಯಾವಾಗಲೂ ಟೇಪು ಕೈಯಲ್ಲಿ ಹಿಡಿದೇ ಓಡಾಡುವುದರಿಂದ ನಾವು ಅವನಿಗೆ ಟೇಪು ಎಂದೇ ಹೆಸರಿಟ್ಟಿದ್ದೇವೆ, ಬಾಗಿಲಲ್ಲಿ ನಿಂತು "ಸುಮ್ನೆ ಕೂತ್ಕೊಳ್ಳಿ, ಎಲ್ಲಿ ಸುಖ, ಎಲ್ಲಿ ನೋವು ಅಂತ ಹೇಳಿ, ಅಷ್ಟೇ" ಎಂದ. ನಾವು ಹೊಲಿದ ಸೀಟಿನಲ್ಲಿ ನಾವು ಒಂದು ದಿನವೂ ಕೂತಿರಲಿಲ್ಲ ನೋಡು, ಮದುವೆ ಮನೆಗೆ ನುಗ್ಗಿದ ಹಾಗೆ ನುಗ್ಗಿದೆವು.

ನಾನು ಎರಡರಲ್ಲೂ ಕೂತೆ. ಸೆಡಾನಿನಲ್ಲಿ ಕೂರುವುದೆಂದರೆ ಕೂರುವುದಲ್ಲ, ಇಳಿಯುವುದು. ನಿನ್ನ ಸೊಂಟಕ್ಕೆ ಅದು ಬಾವಿಗಿಳಿದ ಹಾಗೆ. ಹಿಂದಿನ ಸೀಟಿನಲ್ಲಿ ಚಾವಣಿ ತಲೆಯ ಮೇಲೆ ಬಾಗಿ ಬರುತ್ತದೆ, ನಡುವೆ ಕೂತವಳ ಕಾಲ ಕೆಳಗೆ ನೆಲವೇ ಉಬ್ಬಿರುತ್ತದೆ. ಮೂವರು ಕೂತರೆ ಆರು ಭುಜಗಳಿಗೆ ಜಗಳ. ಆದರೂ ಅಮ್ಮಾ, ನನ್ನಂಥ ಗಿಡ್ಡಿಗೆ ಆ ಸೀಟು ಒಪ್ಪಿತು. ಬೆನ್ನು ಒರಗಿಗೆ ತಾಗಿತು, ಪಾದ ನೆಲಕ್ಕೆ ಊರಿತು. ಎಸ್‌ಯುವಿಯ ಎರಡನೇ ಸಾಲಿನಲ್ಲಿ ಜಾಗವೋ ಜಾಗ, ಮೊಣಕಾಲಿನ ಮುಂದೆ ಒಂದು ಕೂಸನ್ನು ಮಲಗಿಸಬಹುದು. ಒಳಗೆ ಹತ್ತಲು ಮಾತ್ರ ಸೀರೆ ಎತ್ತಿ ಹೆಜ್ಜೆ ಹಾಕಬೇಕು. ಬೆನ್ನು ಒರಗಿಸಿದರೆ ನನ್ನ ಕಾಲು ಗಾಳಿಯಲ್ಲಿ ತೂಗಾಡುತ್ತದೆ, ಕಾಲು ಊರಿದರೆ ಬೆನ್ನು ಅನಾಥ. ಯಾರೋ ಆರಡಿಯ ಗಂಡಸಿನ ತೊಡೆ ಅಳೆದು ಮಾಡಿದ ಸೀಟು ಅದು. ಹೊಲಿಯುವಾಗ ಅದರ ಅಗಲ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಜಾಗ ಬೇರೆ, ಸುಖ ಬೇರೆ ಎಂದು ಕೂತ ಮೇಲೆ ತಿಳಿಯಿತು. ಯಾರ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಳೆದರೋ ಸುಖ ಅವರಿಗೆ.

ಕೊನೆಗೆ ಮೂರನೇ ಸಾಲು. ಅಷ್ಟು ದೊಡ್ಡ ಗಾಡಿಯಲ್ಲಿ ಆ ಸಾಲೊಂದು ಮಲತಾಯಿಯ ಕೈಗೆ ಸಿಕ್ಕ ಮಗು. ನೆಲ ಎತ್ತರ, ಸೀಟು ತಗ್ಗು, ಮೊಣಕಾಲು ಗದ್ದಕ್ಕೆ ಬರುತ್ತದೆ, ಕೆಳಗಿನ ಸ್ಪಂಜು ಚಪಾತಿಯಷ್ಟು ದಪ್ಪ. ಸೆಡಾನಿನ ಹಿಂದಿನ ಸೀಟೇ ಅದಕ್ಕಿಂತ ಎಷ್ಟೋ ವಾಸಿ. ಆದರೆ ಅದಕ್ಕೂ ಒಂದು ಬೆನ್ನೊರಗಿತ್ತು. ನಾವು ಮಾಡಿದ ತಪ್ಪು ಅಲ್ಲೇ. ಇಡೀ ಪಾಳಿ ಸ್ಟೂಲಿನ ಮೇಲೆ ಬಗ್ಗಿದ್ದ ಬೆನ್ನುಗಳು ಆ ಒರಗಿಗೆ ತಾಗಿದ್ದೇ ತಡ, ಒಬ್ಬೊಬ್ಬಳೂ "ಅಯ್ಯೋ, ಸ್ವರ್ಗ ಕಣಪ್ಪಾ" ಎಂದಳು. ನಾನೂ ಎಂದೆ. ನಿನ್ನ ಪಕ್ಕದ ಮಷಿನ್ನಿನ ಗೆಳತಿ, ಸದಾ ಬಾಯಲ್ಲಿ ಪಿನ್ನು ಕಚ್ಚಿಕೊಂಡಿರುವ ಪಿನ್ನು ಚಿಕ್ಕಮ್ಮ, ಮೊಣಕಾಲು ತಬ್ಬಿಕೊಂಡು ಕೂತಲ್ಲೇ ಗೊರಕೆ ಹೊಡೆದಳು. ಎಬ್ಬಿಸಿದರೆ "ಇನ್ನೊಂಚೂರು ಪರೀಕ್ಷೆ ಮಾಡ್ತೀನಿ ಇರೋ" ಎಂದು ಟೇಪುವಿಗೇ ಗದರಿದಳು. ನಕ್ಕೂ ನಕ್ಕೂ ಸಾಕಾಯಿತು. ಟೇಪು ಎಲ್ಲವನ್ನೂ ಬರೆದುಕೊಂಡ.

ಸೋಮವಾರ ಕುರ್ಚಿಯ ಮಾತುಕತೆಗೆ ಕೂತಾಗ ಮ್ಯಾನೇಜರ್ ಅದನ್ನೇ ನಮ್ಮ ಮುಂದೆ ಓದಿದ. "ನಮ್ಮ ಅತ್ಯಂತ ಇಕ್ಕಟ್ಟಿನ ಸೀಟನ್ನೇ ಸ್ವರ್ಗ ಅಂದಿದ್ದೀರಿ. ನಿದ್ದೆ ಬೇರೆ ಮಾಡಿದ್ದೀರಿ. ಬೆನ್ನು ನೋವು ಇರೋರು ಹೀಗೆ ಮಾತಾಡ್ತಾರಾ?" ಎಂದ. ಆ ಸಾಲಿನ ಸ್ಪಂಜನ್ನು ಇನ್ನೂ ತೆಳ್ಳಗೆ ಮಾಡಲು ನಮ್ಮ ಮಾತನ್ನೇ ಆಧಾರ ಮಾಡಿಕೊಂಡಿದ್ದಾರೆ, ನಮಗೆ ಕುರ್ಚಿ ಬೇಡ ಎನ್ನಲೂ ಅದೇ ಆಧಾರ. ನನ್ನ ಕಿವಿ ಕಾದ ಹಂಚಾಯಿತು. ಪಿನ್ನು ಚಿಕ್ಕಮ್ಮ ಬಾಯಿಂದ ಪಿನ್ನು ತೆಗೆದು, "ಹಸಿದು ಬಂದೋಳ ಕೈಗೆ ತಂಗಳು ಕೊಟ್ಟು ರುಚಿ ಹೆಂಗಿದೆ ಅಂತ ಕೇಳಿದ್ರಲ್ಲ ಸಾರ್, ಇನ್ನೇನು ಹೇಳ್ಲಿ?" ಎಂದಳು. ಅವನು ಬಿಡಲಿಲ್ಲ. "ಹಾಗಾದ್ರೆ ಆವತ್ತು ಸುಳ್ಳು ಹೇಳಿದ್ರಾ?"

ಆ ಪ್ರಶ್ನೆ ಮನೆಗೆ ಬಂದರೂ ನನ್ನನ್ನು ಬಿಟ್ಟಿಲ್ಲ ಅಮ್ಮಾ. ಸುಳ್ಳು ಹೇಳಿರಲಿಲ್ಲ. ನಿಜವಾಗಿಯೂ ಸುಖವಾಗಿತ್ತು. ನನ್ನನ್ನು ಹೆದರಿಸುವುದೇ ಅದು. ಎಷ್ಟು ಕಡಿಮೆ ಕೊಟ್ಟರೆ ನಾವು ಸ್ವರ್ಗ ಎನ್ನುತ್ತೇವೆ ಎಂದು ಅವರು ಕಂಡುಕೊಂಡರು. ನಮ್ಮ ಮೈಗೆ ನೋವು ರೂಢಿಯಾಗಿರುವುದೇ ಅವರ ಬಂಡವಾಳ, ಯಂತ್ರಗಳಲ್ಲ. ನೀನು ಕೂಡ ಹಾಗೇ ಅಲ್ಲವೇ? ನೆಲದ ಮೇಲೆ ಗೋಡೆಗೊರಗಿ ಕೂತು "ಹಾಯಾಗಿದೆ ಕಣೇ" ಎನ್ನುತ್ತಿದ್ದೆ. ನಿನ್ನ ಆ ಮಾತು ಕೇಳುತ್ತಲೇ ನಾನು ಬೆಳೆದೆ, ಗೋಡೆ ಇದ್ದರೆ ಸಾಕು ಎಂದೇ ನಂಬಿದ್ದೆ. ಇನ್ನು ಸಾಕಾಗುವುದಿಲ್ಲ. ಪರೀಕ್ಷೆ ಮತ್ತೆ ನಡೆಯಲಿ ಎಂದು ಕೇಳಿದ್ದೇವೆ. ಈ ಸಲ ಮೊದಲು ಮ್ಯಾನೇಜರ್, ಟೇಪು ಇಬ್ಬರೂ ಒಂದು ಪಾಳಿ ನಮ್ಮ ಸ್ಟೂಲಿನ ಮೇಲೆ ಕೂರಬೇಕು. ಆಮೇಲೆ ಮೂರನೇ ಸಾಲಿಗೆ ಹತ್ತಲಿ, ಅವರ ಬಾಯಲ್ಲಿ ಏನು ಬರುತ್ತದೋ ನಾವು ಕೇಳುತ್ತೇವೆ. ಟೇಪು ತಲೆ ತಗ್ಗಿಸಿ "ನಾನು ಕೂರ್ತೀನಿ" ಎಂದ. ಮ್ಯಾನೇಜರ್ ಮಾತ್ರ ನಕ್ಕು, ಭಾನುವಾರ ಉತ್ತರ ಹೇಳುತ್ತೇನೆ ಎಂದು ಎದ್ದು ಹೋದ.

ಮಾತ್ರೆ ತಪ್ಪಿಸಬೇಡ. ಅಕ್ಕನಿಗೆ ನನ್ನ ನೆನಪು ಹೇಳು, ಅವಳ ಮಗಳಿಗೆ ಮುತ್ತು. ಭಾವನಿಗೆ ನಮಸ್ಕಾರ, ಸದ್ಯಕ್ಕೆ ಅಷ್ಟು ಸಾಕು.

ನಿನ್ನ ಬಾಯಿಬಡುಕಿ,
ಕಿರಿಯವಳು

ತಾ.ಕ.: ಮುಖ್ಯವಾದದ್ದನ್ನು ಬರೆಯಲು ಕೈ ಬರದೆ ಇಲ್ಲಿಗೆ ತಳ್ಳಿದೆ. ಶನಿವಾರ ಕಂಪನಿಯವರು ಅಕ್ಕನ ಮನೆಗೆ ಬರುತ್ತಾರಂತೆ. ಎಸ್‌ಯುವಿಯ ಒಳ್ಳೆಯ ಸೀಟೊಂದಕ್ಕೆ ಕಬ್ಬಿಣದ ಕಾಲು ಹಚ್ಚಿ ನಿನಗೆ ಉಡುಗೊರೆ, ಜೊತೆಗೆ ಫೋಟೋದವನು. ನೀನು ನಕ್ಕ ಫೋಟೋ ಗೇಟಿನಲ್ಲಿ ತೂಗುಹಾಕಿ ನಮ್ಮ ಬಾಯಿ ಮುಚ್ಚಿಸುವ ಲೆಕ್ಕಾಚಾರ. ವಾಪಸ್ ಕಳಿಸು ಎಂದು ನಿನಗೆ ಬರೆಯುತ್ತೇನೆ ಎಂದು ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿದೆ. ಪಿನ್ನು ಚಿಕ್ಕಮ್ಮ ನನ್ನ ಮೇಲೇ ಹರಿಹಾಯ್ದಳು: "ನಿನ್ನ ಸೊಂಟಕ್ಕೆ ಕತ್ತರಿ ಹಾಕಿಲ್ಲ, ಅದಕ್ಕೇ ನಿನ್ನ ಬಾಯಿ ಅಷ್ಟು ಜೋರು. ಅವಳು ಕೂರ್ಲಿ." ಇಡೀ ವಿಭಾಗ ಅದನ್ನೇ ಹೇಳಿತು. ಅದಕ್ಕೇ ಹೇಳುತ್ತೇನೆ, ತೆಗೆದುಕೋ ಅಮ್ಮಾ. ಕಾಲ ಕೆಳಗೆ ಒಂದು ಮಣೆ ಇಟ್ಟುಕೊಂಡು ಚೆನ್ನಾಗಿ ಒರಗಿ ಕೂತುಕೋ, ನಾಚಿಕೆ ಬೇಡ. ಫೋಟೋದವನು ನಗಿ ಎಂದಾಗ ಮಾತ್ರ ನಗದೆ, "ಮಿಕ್ಕವರ ಕುರ್ಚಿ ಎಲ್ಲಪ್ಪಾ?" ಎಂದು ಕೇಳು. ನಮ್ಮ ಸಭೆಗೆ ನೀನು ಬರುವ ಸಾಹಸ ಮಾಡಬೇಡ, ಫೋನ್ ಕೈಯಲ್ಲಿ ಹಿಡಿದಿರು. ನಾವು ಇಲ್ಲಿ ನಮ್ಮ ಫೋನನ್ನು ಮೈಕಿಗೆ ಹಿಡಿಯುತ್ತೇವೆ, ಶನಿವಾರ ಬಂದವರು ಏನು ಉತ್ತರ ಕೊಟ್ಟರೆಂದು ನಿನ್ನ ಬಾಯಲ್ಲೇ ಎಲ್ಲರಿಗೂ ಹೇಳು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಹೊಲಿಗೆ ವಿಭಾಗದ ಗೇಟಿನ ಮುಂದೆ.