ಹ್ಯಾಂಬರ್ಗಿಗೆ ನಾಲ್ಕು ದಿನ

೨ ಮೇ ೧೯೯೬, ಗುರುವಾರ. ಅಲ್ ಖರ್ಜ್

ಬಟ್ಟೆ ಒಣಹಾಕುತ್ತಿದ್ದೆ. ಕೊನೆಯ ಸೀರೆ ಹರಡುವಷ್ಟರಲ್ಲಿ ಮೊದಲನೆಯದು ಒಣಗಿಯೇ ಹೋಗಿತ್ತು. ಮಧ್ಯಾಹ್ನ ಇವರು ಕೈ ತೊಳೆಯುತ್ತಾ, ಏನೋ ನೆನಪಾದ ಹಾಗೆ: "ಜೂನಲ್ಲಿ ಜರ್ಮನಿಗೆ ಟ್ರೈನಿಂಗ್. ಹ್ಯಾಂಬರ್ಗ್. ಶುಕ್ರವಾರ ಫ್ಯಾಕ್ಟರಿ, ಶನಿ-ಭಾನು ರಜೆ. ನೀನೂ ಬರ್ತೀಯಾ?"

ಇವರು ಕೆಲಸ ಮಾಡುವ ಡೈರಿಗೆ ಹಾಲು ತಣ್ಣಗಿಡುವ ಹೊಸ ಮೆಷಿನ್ ಬರುತ್ತದಂತೆ. ಕೂಲಿಂಗ್ ಎಂಜಿನಿಯರ್ ಇವರೇ, ಕಲಿತು ಬರಬೇಕು.

ಬರ್ತೀಯಾ ಅಂತ ಕೇಳುವುದು ಬೇರೆ! ಏಳು ವರ್ಷ ಈ ಕಂಪನಿ ಮನೆಗಳ ಕಾಂಪೌಂಡು, ರಿಯಾದಿನ ಅಂಗಡಿಗಳು, ಎರಡು ವರ್ಷಕ್ಕೊಮ್ಮೆ ಮಲ್ಪೆ. ಹ್ಯಾಂಬರ್ಗ್ ದೊಡ್ಡ ಬಂದರಂತೆ. ಹಾಗಾದರೆ ಸಮುದ್ರ ನೋಡಬಹುದು...

೬ ಮೇ, ಸೋಮವಾರ

ಇಲ್ಲ, ಸಮುದ್ರ ಇಲ್ಲ!

ನಮ್ಮ ಕಾಂಪೌಂಡಿನಲ್ಲೇ ಇರುವ ಜರ್ಮನ್ ದನದ ಡಾಕ್ಟರರ ಹೆಂಡತಿಯ ಊರು ಅದೇ. ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ. ಮೇಜಿನ ಮೇಲೆ ಮ್ಯಾಪ್ ಹರಡಿದರು. ಸಮುದ್ರ ಎಲ್ಲಿ ಎಂದೆ. ಮ್ಯಾಪು ದಾಟಿ, ಮೇಜೂ ದಾಟಿ, ಸೋಫಾದ ಕಡೆ ಕೈ ತೋರಿಸಿದರು. ನೂರು ಕಿಲೋಮೀಟರ್! ಹಡಗು ಬರುವುದು ನದಿಯಲ್ಲಿ. ಉಬ್ಬರ-ಇಳಿತವೂ ಅಷ್ಟು ದೂರ ಬರುತ್ತದಂತೆ. ಮಲ್ಪೆಯವಳು ನಾನು, ಇದನ್ನು ಹೇಗೆ ನಂಬಲಿ?

ಇನ್ನೊಂದು — ನದಿಯ ಅಡಿಯಲ್ಲಿ ಸುರಂಗ. ಲಿಫ್ಟಿನಲ್ಲಿ ಕಾರೂ ಇಳಿಯುತ್ತದೆ. ನಡೆದುಕೊಂಡೇ ಆಚೆ ದಡಕ್ಕೆ ಹೋಗಬಹುದು. ತಲೆಯ ಮೇಲೆ ಹಡಗು!

ಸಂಜೆ ಆತಿಕಾ ಬಂದಿದ್ದರು. ಭಟ್ಕಳದವರು, ಪೇಟೆಯಲ್ಲಿ ಗಂಡನ ಬಟ್ಟೆ ಅಂಗಡಿ. ಹ್ಯಾಂಬರ್ಗಿನಲ್ಲಿ ಭಾನುವಾರ ಬೆಳಿಗ್ಗೆ ಮೀನಿನ ಮಾರ್ಕೆಟ್ ಇದೆ ಎಂದೆ.

"ಯಾರು ಮಾರ್ತಾರೆ? ಹೆಂಗಸರಾ?"

"ಗಂಡಸರಂತೆ. ದೊಡ್ಡ ಸ್ವರದಲ್ಲಿ ಕೂಗ್ತಾರಂತೆ."

"ಗಂಡಸರಿಗೆ ಮೀನು ಮಾರ್ಲಿಕ್ಕೆ ಎಂತ ಗೊತ್ತು? ನಿಮ್ಮ ಅಮ್ಮನನ್ನು ಕರ್ಕೊಂಡು ಹೋಗಿ ವಾರಿಜಾ."

ಮಲ್ಪೆಯ ಹಾಗೆ ಅಮ್ಮ ಅಲ್ಲೂ ಮೀನಿನ ಬುಟ್ಟಿ ಇಟ್ಟು ಕೂತರೆ... ಒಬ್ಬಳೇ ನಕ್ಕೆ, ಪಾತ್ರೆ ತೊಳೆಯುತ್ತಾ.

೧೫ ಮೇ

ಪ್ಲಾನ್: ಶುಕ್ರವಾರ ಇವರು ಬರುವುದು ಸಂಜೆಗೆ. ಅಲ್ಲಿಯವರೆಗೆ ನಾನೊಬ್ಬಳೇ. "ರೂಮಲ್ಲೇ ಇರು, ಟೀವಿ ನೋಡು" ಎಂದರು. ಹೂಂ ಎಂದೆ. ಮನಸ್ಸು ಆಗಲೇ ಸುರಂಗಕ್ಕೆ ಇಳಿದಾಗಿತ್ತು.

ಒಬ್ಬಳೇ ರಸ್ತೆ ದಾಟಿ ಎಷ್ಟು ಕಾಲವಾಯಿತು? ಅಲ್ಲಿ ವಾಹನ ಯಾವ ಕಡೆಯಿಂದ ಬರುತ್ತದೆ? ಕೇಳಬೇಕು.

೨೧ ಮೇ

ಇಬ್ಬರಿಗೂ ವೀಸಾ ಬಂತು. ಫೋಟೋದಲ್ಲಿ ನಾನು ಯಾರ ಮೇಲೋ ಸಿಟ್ಟು ಬಂದವಳ ಹಾಗಿದ್ದೇನೆ.

೨೮ ಮೇ

ಡೈರಿಯಲ್ಲಿ ಎರಡು ಕಂಪ್ರೆಸರ್ ಕೆಟ್ಟಿವೆ. ಈ ಸೆಕೆಯಲ್ಲಿ. ಮ್ಯಾನೇಜರ್ ಖಾಲಿದ್ ಇವರನ್ನು ಬಿಡುವುದಿಲ್ಲ ಎಂದಿದ್ದಾನೆ. ಟ್ರೈನಿಂಗ್ ಮುಂದಕ್ಕೆ.

"ಮುಂದಿನ ವರ್ಷ ನೋಡುವ" ಎಂದರು ಇವರು.

ಸಾರು ಬಡಿಸುತ್ತಿದ್ದೆ. "ನಾನು ಹೋಗ್ತೇನೆ." ನನ್ನದೇ ಬಾಯಿಂದ ಬಂತು.

"ಎಲ್ಲಿಗೆ?"

"ಹ್ಯಾಂಬರ್ಗಿಗೆ."

"ಒಬ್ಬಳೇ? ನಿನಗೆ ಎಂತ ಹುಚ್ಚಾ ಮಾರಾಯ್ತಿ?"

ಊಟ ಅರ್ಧಕ್ಕೇ ಬಿಟ್ಟು ಎದ್ದರು.

೩೦ ಮೇ

ಮಾತಿಲ್ಲ. ನನ್ನ ಪಾಸ್‌ಪೋರ್ಟ್ ಕಂಪನಿಯಲ್ಲಿ. ದೇಶ ಬಿಟ್ಟು ಹೋಗಿ ಬರಲು ಎಕ್ಸಿಟ್-ರೀಎಂಟ್ರಿ ಬೇಕು, ಅದಕ್ಕೆ ಇವರ ಸಹಿ. ಸಹಿ ಇಲ್ಲದಿದ್ದರೆ ವಿಮಾನವೂ ಇಲ್ಲ. ಗೊತ್ತಿದ್ದದ್ದೇ. ಆದರೆ ಹೀಗೆ ಎದುರಿಗೆ ನಿಂತಿರಲಿಲ್ಲ. ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚು... ಇಷ್ಟು ವರ್ಷ ನನಗೆ ಎಲ್ಲಿಗೂ ಹೋಗಬೇಕು ಅನ್ನಿಸಲೇ ಇಲ್ಲವಾ?

೧ ಜೂನ್, ಶನಿವಾರ

ಬೆಳಿಗ್ಗೆ ಚಹಾ. ಪೇಪರಿನಿಂದ ತಲೆ ಎತ್ತದೆ ಇವರು:

"ಆ ಸುರಂಗದಲ್ಲಿ ಲೈಟ್ ಇರ್ತದಾ?"

ಕಪ್ ಕೆಳಗಿಟ್ಟೆ. "ಇರ್ತದಂತೆ. ಗೋಡೆಗೆ ಟೈಲ್ಸ್ ಸಹ ಹಾಕಿದ್ದಾರಂತೆ."

"ನೀರು ಸೋರುದಿಲ್ವಾ?"

"ಎಂಬತ್ತು ವರ್ಷದ ಮೇಲಾಯ್ತಂತೆ ಕಟ್ಟಿ. ಜನ ಈಗಲೂ ಓಡಾಡ್ತಾರೆ."

ಪೇಪರ್ ಮಡಚಿದರು. ಮತ್ತೆ ಬಿಡಿಸಿದರು.

"ನಾನು ಬಂದಿದ್ರೂ ಮೆಷಿನ್ ಬಿಟ್ಟು ಬೇರೆಂತ ನೋಡ್ತಿದ್ದೆ..." ಪೇಪರ್ ಪಕ್ಕಕ್ಕಿಟ್ಟರು. "ಹೆದರಿಕೆ ನನಗೆ ವಾರಿಜಾ. ನಿನಗೆ ಇದ್ದ ಹಾಗೆ ಕಾಣುದಿಲ್ಲ."

"ನನಗೂ ಉಂಟು."

"ಮತ್ತೆ?"

"ಉಂಟು, ಆದರೂ ನೋಡ್ಬೇಕು."

ಎದ್ದು ಶೂ ಹಾಕಿಕೊಂಡರು. ಬಾಗಿಲ ಹತ್ತಿರ ನಿಂತು, "ಇವತ್ತೇ ಸಹಿ ಹಾಕ್ತೇನೆ. ಮಧ್ಯಾಹ್ನಕ್ಕೆ ಮೀನು ಮಾಡು."

೬ ಜೂನ್, ರಿಯಾದ್ ಏರ್‌ಪೋರ್ಟ್

ಕೌಂಟರಿನವನು ಹಾಳೆ ತಿರುವಿದ. "ಹಸ್ಬೆಂಡ್?" ಹಿಂದೆ, ದೂರದ ಗಾಜಿನಾಚೆ ತೋರಿಸಿದೆ. ಇವರು ಕೈ ಎತ್ತಿದರು. ಕೌಂಟರಿನವನಿಗೋ ನನಗೋ ಗೊತ್ತಾಗಲಿಲ್ಲ. ಠಸ್ಸೆ ಬಿತ್ತು.

೭ ಜೂನ್, ಶುಕ್ರವಾರ, ಬೆಳಿಗ್ಗೆ. ಹ್ಯಾಂಬರ್ಗ್

ಕೋಣೆಯ ಫೋನು. ಇವರೇ, ಪ್ಲಾಂಟಿನಿಂದ. ಹಿಂದೆ ಮೆಷಿನ್ ಸದ್ದು.

"ಒಂದು ಕಂಪ್ರೆಸರ್ ಸರಿಯಾಯ್ತು. ಕಿಟಕಿಯಿಂದ ಎಂತ ಕಾಣ್ತದೆ?"

"ತುಂತುರು ಮಳೆ. ಒಬ್ಬಳು ಅಜ್ಜಿ ಸೈಕಲಲ್ಲಿ. ಮುಂದಿನ ಬುಟ್ಟಿಯಲ್ಲಿ ನಾಯಿ ಕೂತಿದೆ."

"ನಾಯಿಯಾ? ಮತ್ತೆ?"

"ಬೇಕರಿ ಮುಂದೆ ಕ್ಯೂ. ಎಲ್ಲರೂ ಸುಮ್ಮನೆ ನಿಂತಿದ್ದಾರೆ."

"ಮತ್ತೆ? ಹೇಳು, ಹೇಳು..."

ಲೈನ್ ಕಟ್ಟಾಯಿತು. ಮತ್ತೆ ಮಾಡಬಹುದೆಂದು ಸ್ವಲ್ಪ ಕಾದೆ. ಮಾಡಿಲ್ಲ.

ಸ್ವೆಟರ್ ಹಾಕಿಯಾಯಿತು. ಕೀ ಬ್ಯಾಗಿನಲ್ಲಿದೆ. ಹೋಟೆಲಿನ ಬಾಗಿಲಿಂದ ರಸ್ತೆ ಎರಡೂ ಕಡೆ ಹೋಗುತ್ತದೆ. ಎಡಕ್ಕೆ ಟ್ರಾಫಿಕ್ಕು, ಬಲಕ್ಕೆ ಮರಗಳು, ಅದರಾಚೆ ಏನೋ ಹೊಳೆಯುತ್ತಿದೆ, ನೀರೋ ತಗಡೋ ಇಲ್ಲಿಂದ ತಿಳಿಯುವುದಿಲ್ಲ. ಮೊದಲು ಬಲಕ್ಕೇ —