ಔರಾದಕ್ಕೆ ಹೋದ ಹಸಿರು ಕಲ್ಲು

೪ ನವೆಂಬರ್, ಮಂಗಳವಾರ

ಇವತ್ತೂ ಬೀದರ–ಔರಾದ ರೂಟು. ಬಸ್ಸು ತುಂಬಿ ತುಳುಕುತ್ತಿತ್ತು. ನಿಂತೇ ಟಿಕೆಟ್ ಕೊಟ್ಟೆ. ಸೊಂಟ ಸತ್ತುಹೋಗಿದೆ. ಮನೆಗೆ ಬಂದರೆ ಬಾಡಿಗೆ ಮನೆಯ ಈ ಗಿಡ್ಡ ಅಡುಗೆ ಕಟ್ಟೆ, ಅದರ ಮುಂದೆ ಬಗ್ಗಿ ನಿಂತು ರೊಟ್ಟಿ ಬಡಿಯಬೇಕು. ಡಾಕ್ಟರ್ ಮತ್ತೆ ಅದನ್ನೇ ಹೇಳಿದರು — ಬಗ್ಗಬೇಡಿ, ನೆಲಕ್ಕೆ ಕೂತು ಅಡುಗೆಯಂತೂ ಬೇಡವೇ ಬೇಡ, ಇಲ್ಲದಿದ್ದರೆ ಆಪರೇಷನ್. ಲೇಡಿ ಕಂಡಕ್ಟರ್‌ಗೆ ಬಗ್ಗಬೇಡಿ ಅಂತ ಹೇಳುವುದು... ಇರಲಿ.

ನೌಬಾದದ ಸ್ವಂತ ಮನೆ ಮುಗಿಯುತ್ತಾ ಬಂದಿದೆ. ಬಾಗಿಲು, ಟೈಲ್ಸು, ಬಣ್ಣ ಎಲ್ಲ ಇವರು ಮತ್ತು ಇಂಜಿನಿಯರ್ ಸೇರಿ ಆರಿಸಿದರು. ನಾನು ಕೇಳಿದ್ದು ಒಂದೇ. ಅಡುಗೆ ಕಟ್ಟೆ ನನ್ನದು. ನನ್ನ ಎತ್ತರಕ್ಕೆ, ನಾನು ಆರಿಸಿದ ಕಲ್ಲು.

“ಕರೀ ಗ್ರಾನೈಟ್ ಹಾಕಿದ್ರ ಮುಗೀತಲ್ಲ? ಎಲ್ಲಾರ ಮನ್ಯಾಗೂ ಅದೇ ಅದ,” ಅಂದರು ಇವರು.

“ಅದಕ್ಕೇ ಬ್ಯಾಡ.”

ಇವರು ಭಾಲ್ಕಿ ಕೋರ್ಟಿನಲ್ಲಿ ಟೈಪಿಸ್ಟು. ತೀರ್ಪು ಟೈಪ್ ಮಾಡುತ್ತಾರೆ, ಕೊಡುವುದಿಲ್ಲ.

೯ ನವೆಂಬರ್, ರವಿವಾರ

ವೀಕ್ಲಿ ಆಫ್. ರಿಂಗ್ ರೋಡಿನ ಕಲೀಮನ ಕಲ್ಲಿನ ಅಂಗಡಿಗೆ ಹೋದೆ. ಕಲ್ಲು ಮಾರುವವನೂ ಅವನೇ, ಮನೆಗೆ ಬಂದು ಕೊಯ್ದು ಕೂರಿಸುವವನೂ ಅವನೇ. ಕಪ್ಪು ತೋರಿಸಿದ. ಕಪ್ಪಿನಲ್ಲಿ ಚುಕ್ಕೆ ಇದ್ದದ್ದು ತೋರಿಸಿದ. ಕೆಂಪು ತೋರಿಸಿದ. ಯಾವುದೂ ಬೇಡ ಅಂದೆ.

ಹಿಂದುಗಡೆ ಒಂದು ಸ್ಲ್ಯಾಬ್ ಗೋಡೆಗೆ ಮುಖ ಮಾಡಿ ನಿಂತಿತ್ತು, ಮೇಲೆಲ್ಲ ಧೂಳು.

“ಅದು ಬ್ಯಾಡ್ರಿ ಮೇಡಂ. ಒಂದೇ ಪೀಸ್ ಅದ. ಹೈದರಾಬಾದಿನವ್ರು ಯಾರೋ ಆರ್ಡರ್ ಮಾಡಿ ಬಿಟ್ಟೋದ್ರು. ಗ್ರಾನೈಟೂ ಅಲ್ಲ, ಮಾರ್ಬಲ್ಲೂ ಅಲ್ಲ. ಕ್ವಾರ್ಟ್ಸೈಟ್ ಅಂತಾರ.”

“ತಿರುಗಿಸು.”

ತಿರುಗಿಸಿ ಒಂದು ಬಕೆಟ್ ನೀರು ಎರಚಿದ. ಹಸಿರು... ಒಳಗೆ ಕಂದು, ನಡುನಡುವೆ ಬಿಳಿ. ಬಳ್ಳಿ ಅನ್ನೋಣವೆಂದರೆ ಬಳ್ಳಿಯಲ್ಲ, ಮೋಡ ಅನ್ನೋಣವೆಂದರೆ ಮೋಡವಲ್ಲ. ಯಾವುದರ ಹಾಗೂ ಇಲ್ಲ. ಅದಕ್ಕೇ ಹಿಡಿಸಿತು. ದಿನವಿಡೀ ಜನರ ಮುಖ ನೋಡುವ ಕೆಲಸ ನನ್ನದು. ಮನೆಯಲ್ಲಾದರೂ ಮುಖವಿಲ್ಲದ್ದೊಂದು ಕಣ್ಣಮುಂದೆ ಇರಲಿ. ಬಹಳ ದಿನದ ಮೇಲೆ ಒಂದು ವಸ್ತು ನೋಡಿ ಇದು ನನಗೇ ಬೇಕು ಅನ್ನಿಸಿತು.

ಚೂರೊಂದು ಕೇಳಿ ಇಸಕೊಂಡೆ. ನಿಂಬೆಹಣ್ಣು, ಹುಣಸೆಹುಳಿ, ಅರಿಶಿನ ಹಚ್ಚಿ ನೋಡಬೇಕು ಅಂದೆ.

“ಒಗ್ಗರಣಿನೂ ಹಾಕ್ರಿ,” ಅಂತ ನಕ್ಕ.

೧೧ ನವೆಂಬರ್, ಮಂಗಳವಾರ

ಎರಡು ದಿನ ಅರಿಶಿನ ಹಚ್ಚಿಟ್ಟಿದ್ದೆ. ಒರೆಸಿದರೆ ಹೋಯಿತು. ನಿಂಬೆಗೆ ಮಾರ್ಬಲ್ಲಿನ ಹಾಗೆ ಮಂಕಾಗಲಿಲ್ಲ. ಚಾಕುವಿನಿಂದ ಕೆರೆದರೆ ಚಾಕುವೇ ಸವೆಯಿತು. ಕಲೀಮನಿಗೆ ಫೋನ್ ಮಾಡಿ ಅದೇ ಕೊಡು ಅಂದೆ.

೨೩ ನವೆಂಬರ್, ರವಿವಾರ

ಹೊಸ ಮನೆ. ಬಾಡಿಗೆ ಮನೆಯವರು ಅವಸರ ಮಾಡಿದ್ದಕ್ಕೆ ಕಟ್ಟೆ ಕೂರುವ ಮೊದಲೇ ಬಂದೆವು. ಸ್ಲ್ಯಾಬ್ ಬಂದಿದೆ, ಅಡುಗೆಮನೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾರೆ. ಬುಧವಾರ ಕಲೀಮ ಮಷೀನ್ ತಂದು ಸಿಂಕಿಗೆ, ಒಲೆಗೆ ಕೊಯ್ದು ಕೂರಿಸುತ್ತಾನೆ. ಅಲ್ಲಿಯವರೆಗೆ ಗ್ಯಾಸ್ ಒಲೆ ನೆಲದ ಮೇಲೆ. ಮೂರು ದಿನ ತಾನೆ.

ಮೆಹಕರದಿಂದ ಮಾವ ಬಂದರು. ಅತ್ತೆ ಕೌಸಲ್ಯಾಬಾಯಿ ಬೇಸಿಗೆಯಲ್ಲಿ ಹೋದ ಮೇಲೆ ಮನುಷ್ಯ ಮಾತೇ ಬಿಟ್ಟಿದ್ದಾರೆ. ಅರ್ಧ ರೊಟ್ಟಿ ಮುರಿದು ತಟ್ಟೆ ಸರಿಸುತ್ತಾರೆ. ಹೀಗೇ ಆದರೆ ಮಾವನೂ ಉಳಿಯುವುದಿಲ್ಲ.

೨೪ ನವೆಂಬರ್, ಸೋಮವಾರ

ಸಂಜೆ ಡ್ಯೂಟಿ ಮುಗಿಸಿ ಬಂದೆ. ಪಶ್ಚಿಮದ ಕಿಟಕಿಯಿಂದ ಬಿಸಿಲು ಓರೆಯಾಗಿ ಸ್ಲ್ಯಾಬ್ ಮೇಲೆ ಬಿದ್ದಿತ್ತು. ಮಾವ ಅದರ ಮುಂದೆ ಕೂತಿದ್ದಾರೆ. ಕಣ್ಣಲ್ಲಿ ನೀರು.

“ಪ್ರಣಾಲಿ, ಇಲ್ಲಿ ಬಾ ಅವ್ವಾ. ಯಾರು ಕುಂತಾರ ನೋಡು.”

ಯಾರೂ ಕಾಣಲಿಲ್ಲ.

“ತಥಾಗತರು. ಇದು ತೆಲಿ. ಇದು ಭುಜ. ಕೈ ಹಿಂಗ ತೊಡಿ ಮ್ಯಾಲ. ಇಲ್ಲಿ ಮೊಣಕಾಲು... ಕಾಣ್ತದಿಲ್ಲ?”

ಹೂಂ ಅಂದೆ. ಅಳುವ ಮನುಷ್ಯನಿಗೆ ಇಲ್ಲ ಅನ್ನುವುದು ಹೇಗೆ?

ಇವರು ಭಾಲ್ಕಿಯಿಂದ ಬಂದವರು ಒಂದೇ ಸಲಕ್ಕೆ “ಖರೇ ಅದಾರ ಅಪ್ಪಾ” ಅಂದುಬಿಟ್ಟರು. ಇವರಿಗೂ ಕಂಡಿತು. ನಾನು ಒಲೆ ಹಚ್ಚುವಾಗ, ರೊಟ್ಟಿ ಬಡಿಯುವಾಗ ತಿರುತಿರುಗಿ ನೋಡಿದೆ. ಹಸಿರು, ಕಂದು, ಬಿಳಿ. ಅಷ್ಟೇ.

ಮಾವ ಎರಡು ರೊಟ್ಟಿ ಉಂಡರು. ಮೇಲೆ ಶೇಂಗಾ ಹಿಂಡಿ ಕೇಳಿ ಹಾಕಿಸಿಕೊಂಡರು.

೨೬ ನವೆಂಬರ್, ಬುಧವಾರ

ಕಲೀಮ ಬಂದ, ಮಷೀನ್ ಇಳಿಸಿದ. ಅಷ್ಟರಲ್ಲಿ ಆಜುಬಾಜಿನವರು ಬಂದು ನಿಂತಿದ್ದರು. ಪಕ್ಕದ ಮನೆಯ ಸಿದ್ದೇಶ್ವರಿಗೆ ಕಲ್ಲಿನಲ್ಲಿ ಧ್ಯಾನಕ್ಕೆ ಕೂತ ಶರಣರು ಕಂಡಿದ್ದಾರೆ. ಅಲ್ಲ, ತಥಾಗತರು ಅಂತಾರೆ ಮಾವ. ಇಬ್ಬರೂ ಖುಷಿಯಾಗಿಯೇ ಜಗಳಾಡಿದರು. ಕಲೀಮ ನೋಡಿದ, ಕೇಳಿದ, ಮಷೀನ್ ವಾಪಸ್ ಗಾಡಿಗೆ ಹಾಕಿದ.

ಹಿಂದೆ ಓಡಿದೆ. “ಯಾಕ? ನಮ್ಮ ಮನಿ, ನಮ್ಮ ಕಲ್ಲು. ನಾನೇ ಕೊಯ್ಯಿ ಅಂತೇನಿ.”

“ಮೇಡಂ, ನನ್ನ ಹೆಸ್ರು ಕಲೀಮ ಅದ. ಕೈಯಾಗ ಕೊಯ್ಯೋ ಮಷೀನ್. ಯಾರರೆ ಮೊಬೈಲಿನಾಗ ವಿಡಿಯೋ ತಗದ್ರ ನನ್ನ ಮನಿ ಹಾಳಾಗ್ತದ.”

“ನಾ ಹೇಳಿದ್ದು ಅಂತ ನಾ ಹೇಳ್ತೇನಿ.”

“ವಿಡಿಯೋದಾಗ ನಿಮ್ಮ ಮಾತು ಬರಂಗಿಲ್ರಿ. ಕಲ್ಲು, ಮಷೀನ್, ನನ್ನ ಮಾರಿ. ಅಷ್ಟೇ ಬರ್ತದ.”

ಸಿಟ್ಟು ಬಂತು. ಅವನ ಮೇಲೆ ಮಾಡಲು ಆಗಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಬೇರೆ ಇಬ್ಬರಿಗೆ ಫೋನ್ ಮಾಡಿದೆ. ಇಬ್ಬರೂ ನಮ್ಮ ಸಮಾಜದವರೇ. ಒಬ್ಬ ಕೈ ಮುಗಿದೆ ತಾಯಿ ಅಂದ. ಇನ್ನೊಬ್ಬ ಫೋನ್ ಇಟ್ಟ.

೨೯ ನವೆಂಬರ್, ಶನಿವಾರ

ಧೈರ್ಯ ಮಾಡಿ ಮಾವನ ಹತ್ತಿರ ಮಾತು ತೆಗೆದೆ. “ಮಾಮಾ, ಅದು ಅಡಿಗಿ ಕಟ್ಟಿಗಂತ ತಂದ ಕಲ್ಲುರಿ. ನನ್ನ ಸೊಂಟ...”

“ಗೊತ್ತದ ಅವ್ವಾ. ನಾ ಏನು ಪೂಜಿ ಮಾಡು ಅಂತೀನೇನು? ನಾ ಕಲ್ಲಿಗೆ ಕಾಯಿ ಒಡ್ಯಾಂವ ಅಲ್ಲ. ಸಂಜಿ ಮುಂದ ಅವ್ರನ್ನ ನೋಡಿದ್ರ ಕೌಸಲ್ಯಾ ಹೋದದ್ದು ಥೋಡೆ ಹಗುರ ಆಗ್ತದ. ನಾಕ ದಿನ ಇರ್ಲಿ. ಆಮ್ಯಾಲ ನೀ ಏನರೆ ಮಾಡು.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನೆಲಕ್ಕೆ ಕೂತು ಪಲ್ಯ ಮಾಡಿದೆ. ಏಳುವಾಗ ಬಾಗಿಲ ಚೌಕಟ್ಟು ಹಿಡಿದು ಎದ್ದೆ.

೬ ಡಿಸೆಂಬರ್, ಶನಿವಾರ

ಬಾಬಾಸಾಹೇಬರು ತೀರಿಕೊಂಡ ದಿನ. ಬೆಳಿಗ್ಗೆ ಮೆರವಣಿಗೆ ಮುಗಿಸಿ ಜನ ನೇರ ನಮ್ಮ ಮನೆಗೇ ಬಂದರು. ಬಿಳಿ ಸೀರೆ, ಬಿಳಿ ಅಂಗಿ, ಕೈಯಲ್ಲಿ ಮೇಣದ ಬತ್ತಿ. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಒಲೆ ಹೊತ್ತುಕೊಂಡು ಹಿತ್ತಲಿಗೆ ಹೋಗಿ, ನೆಲಕ್ಕೆ ಕೂತು, ಬಂದವರಿಗೆಲ್ಲ ಚಹಾ ಮಾಡಿದೆ. ನನ್ನ ಅಡುಗೆ ಕಟ್ಟೆಯನ್ನು ನೋಡಲು ಬಂದವರಿಗೆ ನೆಲದ ಮೇಲೆ ಚಹಾ! ನಗು ಬಂತು, ಸೊಂಟ ನಗಲು ಬಿಡಲಿಲ್ಲ.

ಮಾವ ಎಲ್ಲರಿಗೂ ತಾವೇ ತೋರಿಸುತ್ತಿದ್ದರು. ಇದು ತೆಲಿ, ಇದು ಭುಜ... ಹತ್ತು ವರ್ಷ ಚಿಕ್ಕವರಾಗಿದ್ದಾರೆ.

೧೨ ಡಿಸೆಂಬರ್, ಶುಕ್ರವಾರ

ಔರಾದದಲ್ಲಿ ಹತ್ತಿದ ಹೆಂಗಸರ ಗುಂಪು. ಎಲ್ಲರೂ ಆಧಾರ್ ಕಾರ್ಡ್ ತೋರಿಸಿ ಫ್ರೀ ಟಿಕೆಟ್ ಕೇಳಿದರು. ಎಲ್ಲಿಗೆ ಅಂದೆ.

“ನೌಬಾದಕ್ಕ ಬಾಯಿ. ಅಲ್ಲಿ ಒಂದು ಮನ್ಯಾಗ ಕಲ್ಲಿನಾಗ ಬುದ್ಧ ಮೂಡ್ಯಾರಂತ. ಆ ಮನಿ ಸೊಸಿ ಭಾಳ ಪುಣ್ಯವಂತಿ ಅಂತ.”

ಟಿಕೆಟ್ ಹರಿದು ಕೊಟ್ಟೆ. ನನ್ನ ಮನೆಗೆ ನಾನೇ ಜನರನ್ನು ಹತ್ತಿಸಿ ಕಳಿಸುತ್ತಿದ್ದೇನೆ. ಪುಣ್ಯವಂತಿ ಸಂಜೆಯೆಲ್ಲ ಹಾಸಿಗೆಯಲ್ಲಿ. ಎಡಗಾಲು ಜೋಮು ಹಿಡಿಯುತ್ತಿದೆ.

೨೧ ಡಿಸೆಂಬರ್, ರವಿವಾರ

ಔರಾದದಿಂದ ಮಾವನ ಅಕ್ಕನ ಮಗ ಅಶೋಕಕುಮಾರ ಬಂದಿದ್ದ, ಜೀಪು ತುಂಬ ಜನ ಕಟ್ಟಿಕೊಂಡು. ಅಲ್ಲಿ ಹೊಸ ಬುದ್ಧವಿಹಾರ ಕಟ್ಟುತ್ತಿದ್ದಾರೆ, ಇವನೇ ಅಧ್ಯಕ್ಷ. ಕಲ್ಲು ವಿಹಾರಕ್ಕೆ ಬೇಕಂತೆ.

“ಅಡಿಗಿಮನ್ಯಾಗ ಇರೂದು ಚಂದ ಕಾಣಂಗಿಲ್ರಿ ವೈನಿ. ಸಮಾಜದ್ದು ಅದು.”

ಮಾವ ನನ್ನ ಕಡೆ ತಿರುಗಿ, “ಕಲ್ಲು ಅಕಿದು ಅದ. ಅಕಿ ಹೂಂ ಅಂದ್ರ ಹೂಂ, ಇಲ್ಲಂದ್ರ ಇಲ್ಲ” ಅಂದರು. ಮನೆ ತುಂಬ ಜನ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ. ಇವರು ಕಿಟಕಿಯ ಆಚೆ ನೋಡುತ್ತಿದ್ದಾರೆ. ಹೀಗೆ ಕೇಳಿದರೆ ಇಲ್ಲ ಅನ್ನುವ ಹೆಂಗಸು ಇನ್ನೂ ಹುಟ್ಟಿಲ್ಲ.

ಹೂಂ ಅಂದೆ.

ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು. ರಾತ್ರಿ ಇವರು, “ಒಂದು ಲೆಕ್ಕಕ್ಕ ಛಲೋನೇ ಆಯ್ತಲ್ಲ, ಇನ್ನ ಕರೀದು ಹಾಕಿಸಿದ್ರ ನಿನ್ನ ಸೊಂಟಕ್ಕೂ ಆರಾಮ” ಅಂದರು. ಶಾಲು ಮಡಚಿಟ್ಟೆ. ಬಾಯಿ ತೆರೆದರೆ ಅತ್ತುಬಿಡುತ್ತಿದ್ದೆ.

೪ ಜನವರಿ, ರವಿವಾರ

ಕಪ್ಪು ಕಲ್ಲು ಕೂತಿತು. ಕಲೀಮನೇ ಕೂರಿಸಿದ. ಎತ್ತರ ಸರಿಯಾಗಿದೆ. ನೆಟ್ಟಗೆ ನಿಂತು ರೊಟ್ಟಿ ಬಡಿದೆ. ಸೊಂಟಕ್ಕೆ ನಿಜವಾಗಿ ಹಗುರ. ಇನ್ನೇನು ಬೇಕು ಅಂತ ಎಲ್ಲರೂ ಕೇಳುತ್ತಾರೆ, ಹೇಳಲು ಬರುವುದಿಲ್ಲ.

ಅಂಥದ್ದು ಇನ್ನೊಂದು ಸಿಗುತ್ತದಾ ಅಂತ ಕೇಳಿದೆ.

“ಸುಳ್ಳು ಯಾಕ ಹೇಳ್ಲಿ ಮೇಡಂ. ಅದೇ ಕಲ್ಲು ಬರಬಹುದು, ಅದೇ ಡಿಸೈನ್ ಬರಂಗಿಲ್ಲ.”

೨೭ ಜನವರಿ, ಮಂಗಳವಾರ

ನಿನ್ನೆ ವಿಹಾರದ ಉದ್ಘಾಟನೆ. ನನಗೆ ಡ್ಯೂಟಿ, ಹೋಗಲಿಲ್ಲ. ಮಾವ, ಇವರು ಹೋಗಿದ್ದರು. ಮಾವ ವಾಪಸ್ ಬಂದವರು ಊಟ ಬೇಡ ಅಂದು ಮಲಗಿದರು. ಇವರನ್ನು ಕೇಳಿದೆ.

ಗೋಡೆಯ ಗೂಡಿಗೆ ಸ್ಲ್ಯಾಬ್ ಹಿಡಿಯಲಿಲ್ಲವಂತೆ. ನಾಂದೇಡದಿಂದ ಮೇಸ್ತ್ರಿ ಕರೆಸಿ ಒಂದು ಬದಿ, ಕೆಳಗೊಂದಿಷ್ಟು ಕೊಯ್ಸಿದ್ದಾರೆ. ಉಳಿದ ಪಟ್ಟಿ ಹಾಳಾಗಬಾರದೆಂದು ಬಾಗಿಲ ಹೊಸ್ತಿಲಿಗೆ ಹಾಕಿದ್ದಾರೆ.

ಕೊಯ್ಸಿದ್ದಾರೆ! ಇಷ್ಟು ದಿನ ನನ್ನ ಸೊಂಟ ಮುರಿಯಿತು, ಒಬ್ಬರೂ ಕೊಯ್ಯಲಿಲ್ಲ. ಅಧ್ಯಕ್ಷ ಹೇಳಿದರೆ ಕೊಯ್ಯಲು ಬರುತ್ತದೆ.

“ಅಪ್ಪಗ ಕಾಣ್ಲಿಲ್ಲ,” ಅಂದರು ಇವರು. “ನನಗೂ ಕಾಣ್ಲಿಲ್ಲ. ಅಲ್ಲಿ ಕಿಟಕಿ ಇಲ್ಲ, ಬರೇ ಟ್ಯೂಬ್‌ಲೈಟ್. ಆದ್ರ ಎಲ್ಲಾರೂ ಕೈ ಮುಗಿದ್ರು.”

೩ ಫೆಬ್ರವರಿ, ಮಂಗಳವಾರ

ಮಾವ ಮತ್ತೆ ಮೊದಲಿನಂತೆ. ಅರ್ಧ ರೊಟ್ಟಿ. ಸಂಜೆಯಾದರೆ ಕಪ್ಪು ಕಟ್ಟೆಯ ಹತ್ತಿರ ಬಂದು ನಿಲ್ಲುತ್ತಾರೆ. ಕೇಳುವುದು ಒಂದೇ ಮಾತು.

“ತಥಾಗತರು ಹೊಸ್ತಿಲಿಗೆ ಹೋಗಿಲ್ಲಲ್ಲ ಅವ್ವಾ? ಮಂದಿ ಕಾಲಾಗ ಬಿದ್ದಿಲ್ಲಲ್ಲ?”

ಇಲ್ಲರಿ ಮಾಮಾ, ಗೋಡ್ಯಾಗೇ ಅದಾರ ಅನ್ನುತ್ತೇನೆ. ಅಶೋಕಕುಮಾರನಿಗೆ ಫೋನ್ ಮಾಡಿದರೆ ಫೋಕಸ್ ಲೈಟ್ ಹಾಕಿಸುತ್ತೇವೆ, ಅಲ್ಲೇ ಇರ್ತಾರ್ರಿ, ಎಲ್ಲಿ ಹೋಗ್ತಾರ ಅಂದ. ಮೊಬೈಲಿನಲ್ಲಿರುವ ಹಳೆಯ ಫೋಟೋ ತೆಗೆದು ನೋಡಿದೆ. ಎಲ್ಲ ಬಿಸಿಲಿನ ಹೊಳಪು. ಬಿಸಿಲು ಬಿದ್ದ ಕಲ್ಲಿನಲ್ಲೇ ಕಾಣದ್ದು ಫೋಟೋದಲ್ಲಿ ನನಗೆ ಎಲ್ಲಿಂದ ಕಾಣಬೇಕು?

ಹೆದರಿಕೆಯಾಗುತ್ತಿದೆ. ಕಲ್ಲು ಹೋದರೆ ಹೋಗಲಿ, ಈ ಮನುಷ್ಯ ಕಣ್ಣೆದುರೇ ಕರಗುತ್ತಿದ್ದಾರೆ.

೧೦ ಫೆಬ್ರವರಿ, ಮಂಗಳವಾರ. ರಾತ್ರಿ

ಬೆಳಿಗ್ಗೆ ಮಾವ ತಾವೇ ಬಸ್‌ಸ್ಟ್ಯಾಂಡಿಗೆ ಬಂದು ನನ್ನ ಬಸ್ಸು ಹತ್ತಿದರು. ಔರಾದ ಅಂದರು. ಕಂಡಕ್ಟರ್ ಸೀಟಿನ ಪಕ್ಕ ಕೂರಿಸಿಕೊಂಡೆ.

ಔರಾದದಲ್ಲಿ ಸ್ವಲ್ಪ ಹೊತ್ತು ಹಾಲ್ಟು. ಡ್ರೈವರ್ ಅಬ್ದುಲ ಸಮದನಿಗೆ ಹೇಳಿ ಮಾವನ ಕೈ ಹಿಡಿದು ವಿಹಾರಕ್ಕೆ ಹೋದೆ. ಬಾಗಿಲಲ್ಲಿ ನಿಂತುಬಿಟ್ಟರು. ಕೆಳಗೆ ಹಸಿರು ಪಟ್ಟಿ, ಅದರ ಮೇಲೆ ಚಪ್ಪಲಿಯ ಧೂಳು. ತುಳಿಯಲಾರೆ ಅಂದರು. ಸೊಂಟ ಹೋದರೆ ಹೋಗಲಿ ಅಂತ ಎತ್ತಿ ದಾಟಿಸಿದೆ. ಏನು ಹಗುರಾಗಿದ್ದಾರೆ ಮಾವ.

ಒಳಗೆ ಯಾರೂ ಇರಲಿಲ್ಲ. ಟ್ಯೂಬ್‌ಲೈಟು. ಗೋಡೆಯಲ್ಲಿ ನನ್ನ ಕಲ್ಲು, ಸುತ್ತ ಸಿಮೆಂಟು. ಮಾವ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಹುಡುಕಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

“ನನ್ನ ಕಣ್ಣು ಹ್ವಾದ್ವು. ನೀನರೆ ತೋರ್ಸು ಅವ್ವಾ. ನಿನ್ನ ಮನ್ಯಾಗ ಇದ್ದವ್ರು, ನಿನಗ ಗುರ್ತು ಇರ್ತದ.”

ಕಾಣಲಿಲ್ಲ ಅಂತ ಈಗ ಹೇಳಲೇ? ಯಾವತ್ತೂ ಕಂಡೇ ಇಲ್ಲ ಅಂತ ಹೇಳಲೇ?

ನಡುವೆ ಒಂದು ಬಿಳಿ ಮಚ್ಚೆ ಇತ್ತು. ಅದರ ಮೇಲೆ ಬೆರಳಿಟ್ಟೆ. “ಇಲ್ಲಿ ನೋಡ್ರಿ ಮಾಮಾ. ತೆಲಿ.”

ಮಾವ ಹತ್ತಿರ ಬಂದು ನನ್ನ ಬೆರಳಿನ ಪಕ್ಕ ತಮ್ಮ ಬೆರಳಿಟ್ಟರು. “ಹೂಂ... ಹೌದು. ಹೌದವ್ವಾ.”

“ಇದು ಭುಜ ನೋಡ್ರಿ.”

“ಹೂಂ.”

“ಇಲ್ಲಿ ಕೈ. ತೊಡಿ ಮ್ಯಾಲ.”

ಅವರ ಮುಖ ಅರಳುತ್ತಿತ್ತು. ನಿಜವಾಗಿ ಅರಳುತ್ತಿತ್ತು. ಅವರ ಬೆರಳು ನನ್ನ ಬೆರಳಿನ ಹಿಂದೆಯೇ ಬರುತ್ತಿತ್ತು.

“ಮತ್ತ ಮೊಣಕಾಲು?”

ಬೆರಳು ಇನ್ನೂ ಕೆಳಗೆ ತಂದೆ. ಸಿಮೆಂಟು ತಾಗಿತು. ಕಲ್ಲು ಅಲ್ಲಿಗೇ ಮುಗಿದಿತ್ತು. ಮಾವ ಸಿಮೆಂಟಿನ ಗೆರೆಯನ್ನು ಸವರಿದರು, ಒಂದು ಸಲ, ಮತ್ತೊಂದು ಸಲ. ಆಮೇಲೆ ನಿಧಾನಕ್ಕೆ ಬಾಗಿಲ ಕಡೆ ತಿರುಗಿ ಹೊಸ್ತಿಲು ನೋಡಿದರು. ಹೊರಗೆ ಸಮದ ಹಾರ್ನ್ ಹೊಡೆಯುತ್ತಿದ್ದ. ನಾನು, ಮಾಮಾ, ಅದು ಹಂಗಲ್ಲರಿ, ನಾನು ಖರೇ ಹೇಳ್ತೇನಿ, ನನಗ ಯಾವತ್ತೂ ಕಂಡೇ... ಅನ್ನುವಷ್ಟರಲ್ಲಿ ಸಮದ ಮತ್ತೆ ಹಾರ್ನ್ ಹೊಡೆದ.